ಜೀಪಿನ ಬ್ರೇಕು ಮತ್ತು ಕಪ್ಪುಹಲಗೆಯ ಮೇಲಿನ ಒಂದು ತಪ್ಪು ವಾಕ್ಯ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಕಾಫಿ ತೋಟಗಳ ನಡುವಿನ ಒಂದು ಮಲೆನಾಡಿನ ಪ್ರೌಢಶಾಲೆ. ಕೆಲಸಗಾರರನ್ನೂ ಗೊಬ್ಬರದ ಮೂಟೆಗಳನ್ನೂ ಸಾಗಿಸಲು ಅಲ್ಲಿ ಈಗಲೂ ಹಳೆಯ ಜೀಪುಗಳೇ ಗತಿ. ಒಂಬತ್ತನೆಯ ತರಗತಿಗೆ ಒತ್ತಡ ಮತ್ತು ಘರ್ಷಣೆಯನ್ನು ಒಟ್ಟಿಗೆ ಪುನರಾವಲೋಕನ ಮಾಡಿಸಬೇಕಿತ್ತು. ಹಳೆಯ ಜೀಪಿನ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಅಳವಡಿಸುವ ಸನ್ನಿವೇಶವನ್ನು ಅದಕ್ಕಾಗಿ ಆರಿಸಿಕೊಂಡೆ.

ಆರಂಭ ಚೆನ್ನಾಗಿಯೇ ಆಯಿತು. 5 ಮಿ.ಲೀ. ಮತ್ತು 20 ಮಿ.ಲೀ. ಸಿರಿಂಜುಗಳನ್ನು ಡ್ರಿಪ್ ಕೊಳವೆಯಿಂದ ಜೋಡಿಸಿ ಬಣ್ಣದ ನೀರು ತುಂಬಿಸಿದ್ದೆ. ಸಣ್ಣದನ್ನು ಒಂದು ಬೆರಳಿನಿಂದ ಒತ್ತಿದ ಹುಡುಗಿ, ದೊಡ್ಡದನ್ನು ಹೆಬ್ಬೆರಳಿನಿಂದ ತಡೆಹಿಡಿದ ಹುಡುಗನನ್ನು ಸೋಲಿಸಿದಳು. ಪ್ಯಾಸ್ಕಲ್ ನಿಯಮಕ್ಕೆ ಬೇರೆ ಪೀಠಿಕೆ ಬೇಕಾಗಲಿಲ್ಲ. ಕೊಳವೆಯೊಳಗೆ ಬೇಕೆಂದೇ ಒಂದು ಗಾಳಿಗುಳ್ಳೆ ಸೇರಿಸಿ ಮತ್ತೆ ಒತ್ತಿಸಿದಾಗ, ಗಾಳಿ ಮಾತ್ರ ಕುಗ್ಗಿತು, ಆಚೆ ಬದಿ ಸರಿಯಾಗಿ ಕದಲಲಿಲ್ಲ. ಬ್ರೇಕಿನ ಗಾಳಿ ತೆಗೆಯುವುದು ಏಕೆಂದು ಮಕ್ಕಳೇ ಹೇಳಿದರು.

ನಂತರ ಹೋಲಿಕೆ. ಹಳ್ಳ ದಾಟಿದರೆ ಡ್ರಮ್ಮಿನೊಳಗೆ ನೀರು, ಕೆಸರು ನಿಲ್ಲುತ್ತದೆ. ಘಾಟಿ ಇಳಿಯುವಾಗ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಡಿಸ್ಕ್ ತೆರೆದ ಗಾಳಿಯಲ್ಲಿ ತಿರುಗುವುದರಿಂದ ಬೇಗ ಆರುತ್ತದೆ. ಇಷ್ಟೂ ಸರಿ. ಇದಾದ ಮೇಲೆ ಪಾಠಯೋಜನೆಯಲ್ಲಿದ್ದಂತೆ ಕಪ್ಪುಹಲಗೆಯ ಮೇಲೆ ಬರೆದೆ: 'ಡಿಸ್ಕ್ ಬ್ರೇಕಿಗೆ ಕಡಿಮೆ ಬಲ ಸಾಕು.'

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮಪ್ಪ ಜೀಪಿಗೆ ಮುಂದೆ ಡಿಸ್ಕ್ ಹಾಕ್ಸಿದಾರೆ. ಮೊದ್ಲಿಗಿಂತ ಪೆಡಲ್ ಗಟ್ಟಿ ಆಗಿದೆ ಅಂತಾರೆ. ಬ್ರೇಕ್ ಹಿಡೀದೆ ಬಂದ್ರೂ ಮುಂದಿನ ಚಕ್ರ ಬಿಸಿ ಆಗಿರುತ್ತೆ."

"ಕೆಲಸ ಸರಿಯಾಗಿ ಮಾಡಿರಲಿಕ್ಕಿಲ್ಲ" ಎಂದು ಹೇಳಿ ಮುಂದಿನ ಹಂತಕ್ಕೆ ಹೋದೆ. ಗಡಿಯಾರದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು, ಮೌಲ್ಯಮಾಪನ ಬಾಕಿಯಿತ್ತು.

ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬೋಧನೋಪಕರಣಕ್ಕೆ ಒಳ್ಳೆಯ ಮಾತು ಬರೆದು, ಕೆಳಗೆ ಕೇಳಿದ್ದರು: 'ಆ ವಿದ್ಯಾರ್ಥಿನಿ ಎರಡು ವೀಕ್ಷಣೆ ಕೊಟ್ಟಳು. ಎರಡನ್ನೂ ಏಕೆ ಬಿಟ್ಟಿರಿ?' ಉತ್ತರ ನನ್ನಲ್ಲಿರಲಿಲ್ಲ. ಸಂಜೆ ಊರಿನ ಗ್ಯಾರೇಜಿಗೆ ಹೋದೆ.

"ಮೇಷ್ಟ್ರೇ, ಡ್ರಮ್ಮು ತನ್ನನ್ನ ತಾನೇ ಎಳ್ಕೊಳ್ಳುತ್ತೆ. ಡಿಸ್ಕು ಎಳ್ಕೊಳ್ಳಲ್ಲ. ನೀವು ಒತ್ತಿದಷ್ಟೇ" ಎಂದರು ಮೆಕ್ಯಾನಿಕ್. ಒಂದು ಹಳೆಯ ಶೂ ಹಿಡಿದು ತೋರಿಸಿದರು. ಒಂದು ತುದಿಯಲ್ಲಿ ಆಧಾರವಿರುವ ಶೂ ತಿರುಗುವ ಡ್ರಮ್ಮಿಗೆ ತಾಗಿದಾಗ, ಘರ್ಷಣೆಯೇ ಅದನ್ನು ಡ್ರಮ್ಮಿಗೆ ಇನ್ನಷ್ಟು ಒತ್ತುತ್ತದೆ. ಕಾಲಿನ ಬಲಕ್ಕೆ ಚಕ್ರದ ಬಲವೂ ಸೇರುತ್ತದೆ. ಡಿಸ್ಕಿನ ಪ್ಯಾಡುಗಳು ಎರಡು ಬದಿಯಿಂದ ನೇರವಾಗಿ ಹಿಡಿಯುವುದರಿಂದ ಆ ಸಹಾಯವಿಲ್ಲ. ಆದ್ದರಿಂದಲೇ ದೊಡ್ಡ ಪಿಸ್ಟನ್, ಹೆಚ್ಚಿನ ಕಡೆ ಬೂಸ್ಟರ್ ಕೂಡ ಬೇಕಾಗುತ್ತದೆ. ನಾನು ಬರೆದ ವಾಕ್ಯ ತಲೆಕೆಳಗಾಗಿತ್ತು.

ಬಿಸಿ ಚಕ್ರದ ಮಾತು ಕೇಳಿದ್ದೇ ಅವರ ಮುಖ ಗಂಭೀರವಾಯಿತು. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ, ಚಕ್ರದ ಸಿಲಿಂಡರಿನ ರಬ್ಬರ್ ಕಪ್ಪುಗಳು ಸಡಿಲಾಗದಂತೆ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ಸಣ್ಣ ವಾಲ್ವ್ ಇರುತ್ತದೆ. ಅದನ್ನು ತೆಗೆಯದೆ ಡಿಸ್ಕ್ ಜೋಡಿಸಿದರೆ ಪ್ಯಾಡುಗಳು ಬಿಡುವುದೇ ಇಲ್ಲ, ಉಜ್ಜುತ್ತಲೇ ಇರುತ್ತವೆ. ಹಾಗೆಂದು ಎಲ್ಲ ಜೀಪಿನಲ್ಲೂ ಬರಿದೇ ತೆಗೆದುಬಿಡುವಂತೆಯೂ ಇಲ್ಲ. ವಿಲ್ಲೀಸ್ ಮೂಲದ ಹಳೆಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿ, ಫ್ಲೋರಿನ ಕೆಳಗಿರುತ್ತದೆ. ಕ್ಯಾಲಿಪರ್ ಅದಕ್ಕಿಂತ ಎತ್ತರದಲ್ಲಿದ್ದರೆ ದ್ರವ ಹಿಂದಕ್ಕೆ ಇಳಿದುಬಿಡುತ್ತದೆ. ಅಲ್ಲಿಗೆ 2 ಪಿಎಸ್‌ಐ ವಾಲ್ವ್ ಹಾಕುತ್ತಾರೆ. ಎಡ, ಬಲ ಕ್ಯಾಲಿಪರ್ ಅದಲುಬದಲಾದರೆ ಗಾಳಿ ತೆಗೆಯುವ ನಿಪ್ಪಲ್ ಕೆಳಕ್ಕೆ ಹೋಗಿ ಗಾಳಿ ಮೇಲೆಯೇ ಉಳಿಯುತ್ತದೆಂದೂ ಅವರು ಹೇಳಿದರು. ನಮ್ಮ ಗಾಳಿಗುಳ್ಳೆ ಆಗ ನೆನಪಾಯಿತು.

ಮರುದಿನದ ಅವಧಿಯಲ್ಲಿ ಮೊದಲು ಆ ವಾಕ್ಯವನ್ನೇ ಮತ್ತೆ ಬರೆದು, ಮಕ್ಕಳೆದುರು ಅಡ್ಡಗೆರೆ ಎಳೆದೆ. ಬಳಿಕ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದು ಒಂದು ಕೋಲು ಕೊಟ್ಟೆ. ಅದನ್ನು ಹಿಂದೆ ಎಳೆದುಕೊಂಡು ನಡೆದರೆ ಜಾರುತ್ತ ಬರುತ್ತದೆ. ಮುಂದಕ್ಕೆ ಓರೆಯಾಗಿ ಊರಿ ತಳ್ಳುತ್ತ ನಡೆದರೆ ನೆಲಕ್ಕೆ ಕಚ್ಚಿ ಅಂಗೈಗೆ ಚುಚ್ಚುತ್ತದೆ. ಡ್ರಮ್ಮಿನ ಶೂ ಯಾವ ಕೋಲಿನ ಹಾಗೆ ಎಂದು ಕೇಳಿದಾಗ ಅಂಗೈ ನೋಡಿಕೊಳ್ಳುತ್ತಲೇ ಉತ್ತರ ಹೇಳಿದರು. ಪ್ರಶಿಕ್ಷಣಾರ್ಥಿ ಮಿತ್ರರು ಈ ಚಟುವಟಿಕೆಯನ್ನು ಖಂಡಿತ ಮಾಡಿಸಬಹುದು, ಖರ್ಚಿಲ್ಲ.

ಒಳಗೆ ಬಂದು ಲೆಕ್ಕ. ಮಾಸ್ಟರ್ ಪಿಸ್ಟನ್ 4 ಚ.ಸೆಂ.ಮೀ., ಕ್ಯಾಲಿಪರ್ ಪಿಸ್ಟನ್ 20 ಚ.ಸೆಂ.ಮೀ. ಎಂದಿಟ್ಟುಕೊಂಡೆವು. ಬಲ 5 ಪಟ್ಟಾಯಿತು. ಆದರೆ ಕ್ಯಾಲಿಪರ್ ಪಿಸ್ಟನ್ 1 ಮಿ.ಮೀ. ಸರಿಯಲು 2 ಘ.ಸೆಂ.ಮೀ. ದ್ರವ ಬೇಕು, ಎರಡು ಮುಂಚಕ್ರಗಳಿಗೆ 4. ಅಂದರೆ ಮಾಸ್ಟರ್ ಪಿಸ್ಟನ್ 1 ಸೆಂ.ಮೀ. ಚಲಿಸಬೇಕು. ಮಾಸ್ಟರ್ ಪಿಸ್ಟನ್ 2 ಚ.ಸೆಂ.ಮೀ. ಮಾಡಿದರೆ ಬಲ 10 ಪಟ್ಟು, ಚಲನೆ 2 ಸೆಂ.ಮೀ. "ಹಾಗಾದ್ರೆ ಪೆಡಲ್ ನೆಲಕ್ಕೆ ಮುಟ್ಟುತ್ತೆ ಸರ್" ಎಂದ ಒಬ್ಬ. ಬೂಸ್ಟರಿನ ಅಗತ್ಯ ಅಲ್ಲಿಂದಲೇ ಹೊರಟಿತು. ಡೀಸೆಲ್ ಎಂಜಿನ್ನಿಗೆ ವ್ಯಾಕ್ಯೂಮ್ ಪಂಪೂ ಬೇಕೆಂದು ನಾನು ಸೇರಿಸಿದೆ.

ಆ ಹುಡುಗಿಯ ಬಳಿ 'ವಾಲ್ವ್ ತೆಗೆಸಿ' ಎಂದು ನಾನು ಹೇಳಿ ಕಳುಹಿಸಲಿಲ್ಲ. ಬ್ರೇಕಿನ ದುರಸ್ತಿ ತರಗತಿಯಿಂದ ಮಾಡುವ ಕೆಲಸವಲ್ಲ. ಅವಳು ಗಮನಿಸಿದ ಎರಡೂ ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆಸಿ, ಘಾಟಿಗೆ ಹೋಗುವ ಮೊದಲು ಗ್ಯಾರೇಜಿನಲ್ಲಿ ತೋರಿಸಲು ಅಪ್ಪನಿಗೆ ಹೇಳು ಎಂದೆ.

ವಾರದ ಬಳಿಕ ಅವಳೇ ಬಂದು ಹೇಳಿದಳು. ಹಳೆಯ ವಾಲ್ವ್ ಒಳಗೇ ಇತ್ತಂತೆ, ಈಗ ಚಕ್ರ ಬಿಸಿಯಾಗುತ್ತಿಲ್ಲ. ಪೆಡಲ್ ಮಾತ್ರ ಗಟ್ಟಿಯಾಗಿಯೇ ಇದೆ. ಬೂಸ್ಟರ್ ಹಾಕಿಸುವುದು ಕಾಫಿ ಕೊಯ್ಲಿನ ದುಡ್ಡು ಬಂದ ಮೇಲೆ. ಅಲ್ಲಿಯವರೆಗೆ ಅಪ್ಪ ಘಾಟಿಗೆ ಲೋಡು ಒಯ್ಯುವುದಿಲ್ಲವಂತೆ.