ಪುಸ್ತಕ ಓದಿದರೆ ಹೊಟ್ಟೆ ತುಂಬುತ್ತದೆಯೇ?



ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ದೇಶ ಸುತ್ತಲು ರೊಕ್ಕ ಬೇಕು. ಕೋಶ ಓದಲು ಅಷ್ಟು ರೊಕ್ಕ ಬೇಡ. ಆದರೆ ನಮ್ಮ ಊರಲ್ಲಿ ಕತೆ ಪುಸ್ತಕ ಹಿಡಿದು ಕಟ್ಟೆ ಮೇಲೆ ಕೂತರೆ ಸಾಕು, "ಪಾಠದ ಪುಸ್ತಕ ಓದಿದ್ರ ನೌಕರಿ ಸಿಗತೈತಿ, ಕತಿ ಪುಸ್ತಕ ಓದಿದ್ರ ಹೊಟ್ಟಿ ತುಂಬತೈತೇನು?" ಎಂದು ಕೇಳುವವರೇ ಬಹಳ. ಈ ಪ್ರಶ್ನೆಗೆ ಉತ್ತರ ಹುಡುಕಿ ಈ ಲೇಖನ ಬರೆದಿದ್ದೇನೆ. ಯಾಕೆಂದರೆ ಮುಂದಿನ ವರ್ಷ ನಾವು ಏಳನೆಯವರು ಹೈಸ್ಕೂಲಿಗೆ ಬೇರೆ ಊರಿಗೆ ಹೋಗಬೇಕು. ಯಾರನ್ನು ಕಳಿಸುತ್ತಾರೆ, ಯಾರನ್ನು ಶಾಲೆ ಬಿಡಿಸುತ್ತಾರೆ ಇನ್ನೂ ತಿಳಿಯದು. ಓದಿ ಏನಾಗಬಹುದು ಎಂದು ನಮಗೇ ಗೊತ್ತಿರದಿದ್ದರೆ ಮನೆಯಲ್ಲಿ ಹೇಗೆ ಕೇಳುವುದು?

ಯಾರಿಗೆ ಯಾವ ಪುಸ್ತಕ?

ನಾನು ನಮ್ಮ ತರಗತಿಯವರನ್ನು ಒಬ್ಬೊಬ್ಬರನ್ನೇ ಕೇಳಿದೆ. ನನ್ನ ಪಕ್ಕದಲ್ಲಿ ಕೂಡುವವಳಿಗೆ ಪಂಚತಂತ್ರದ ಕತೆಗಳು ಇಷ್ಟ. ಹಿಂದಿನ ಬೆಂಚಿನವನು ಕುಸ್ತಿ, ಕ್ರಿಕೆಟ್ ಸುದ್ದಿ ಬಿಟ್ಟು ಬೇರೆ ಓದುವುದಿಲ್ಲ. ಮಿರ್ಚಿ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುತ್ತಾನೆ. ಇನ್ನೊಬ್ಬಳಿಗೆ ಕುವೆಂಪು ಅವರ ಕಿಂದರಿಜೋಗಿ ಪದ್ಯ ಪೂರ್ತಿ ಬಾಯಿಪಾಠ. ಒಬ್ಬನಿಗೆ ಹಾವು, ಹಲ್ಲಿ, ಹಕ್ಕಿಗಳ ಪುಸ್ತಕವೇ ಆಗಬೇಕು. ಅವನಿಗೆ ನಮ್ಮ ಸರ್ ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ' ಹೆಸರು ಹೇಳಿದ್ದಾರೆ. ಅದರಲ್ಲಿ ಹಾರುವ ಓತಿ ಬರುತ್ತದಂತೆ. ನನಗೆ ದೊಡ್ಡವರ ಜೀವನ ಚರಿತ್ರೆ ಇಷ್ಟ, ಅವರು ಚಿಕ್ಕವರಿದ್ದಾಗ ಏನು ಮಾಡುತ್ತಿದ್ದರು ಎಂದು ತಿಳಿಯುತ್ತದೆ. ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಅವಳು ರೊಟ್ಟಿ ಬಡಿಯುವಾಗ ನಾನು ಓದಿ ಹೇಳಿದರೆ, "ಮುಂದೇನಾತು?" ಎಂದು ಕೇಳುತ್ತಾಳೆ. ಹಾಗಾದರೆ ಅವ್ವನೂ ಪುಸ್ತಕಪ್ರೇಮಿಯೇ ಅಲ್ಲವೇ?

ಒಬ್ಬರಿಗೆ ಸೇರಿದ್ದು ಇನ್ನೊಬ್ಬರಿಗೆ ಸೇರುವುದಿಲ್ಲ. ಅದು ತಪ್ಪಲ್ಲ. ಊಟದಲ್ಲಿ ಒಬ್ಬರಿಗೆ ಹುಳಿ, ಒಬ್ಬರಿಗೆ ಖಾರ ಇದ್ದ ಹಾಗೆ.

ಪುಸ್ತಕಕ್ಕಾಗಿ ದುಡಿದವರು

ನಮ್ಮ ನಾಡಿನಲ್ಲಿ ಪುಸ್ತಕಕ್ಕಾಗಿ ದುಡಿದವರು ಹಿಂದಿನಿಂದಲೂ ಇದ್ದಾರೆ. 10ನೇ ಶತಮಾನದಲ್ಲಿ ಅತ್ತಿಮಬ್ಬೆ ಎಂಬ ಮಹಾತಾಯಿ ಇದ್ದಳು. ಆಗ ಅಚ್ಚಿನ ಯಂತ್ರ ಇರಲಿಲ್ಲ. ತಾಳೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕಿತ್ತು. ಅಂಥ ಕಾಲದಲ್ಲಿ ಆಕೆ ಪೊನ್ನ ಕವಿಯ 'ಶಾಂತಿಪುರಾಣ'ದ 1000 ಪ್ರತಿ ಬರೆಸಿ ಹಂಚಿದಳು. ನಾವು ಒಂದು ಪಾಠ ಕಾಪಿ ಬರೆಯಲು ಕೈ ನೋವು ಎನ್ನುತ್ತೇವೆ. 1000 ಪ್ರತಿ ಬರೆದವರ ಕೈ ಎಷ್ಟು ನೊಂದಿರಬೇಕು!

ಇನ್ನೊಬ್ಬರು ನಮ್ಮ ಹಾವೇರಿ ಜಿಲ್ಲೆಯವರೇ. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಎಲ್ಲರೂ ಅವರನ್ನು ಊರಿನ ಹೆಸರಿನಿಂದ ಗಳಗನಾಥರು ಎಂದೇ ಕರೆಯುತ್ತಾರೆ. ಅವರು 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಮೊದಲು ಶಾಲಾ ಮಾಸ್ತರರಾಗಿದ್ದರು. ಆಗ ಕನ್ನಡದಲ್ಲಿ ಕಾದಂಬರಿಗಳೇ ಕಡಿಮೆ. ಗಳಗನಾಥರು ತಾವೇ ಬರೆದರು, ತಾವೇ ಪ್ರಕಟಿಸಿದರು, ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಸಂತೆಗೆ ಕಾಯಿಪಲ್ಲೆ ಹೊರುವವರನ್ನು ನಾವು ನೋಡಿದ್ದೇವೆ. ಪುಸ್ತಕ ಹೊತ್ತವರೂ ಇದ್ದರು ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು.

ಗಣಿತದ ಮಾಸ್ತರರು ಗ್ರಂಥಪಾಲರಾದದ್ದು

ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ಗ್ರಂಥಪಾಲಕರು ಎನ್ನುತ್ತಾರೆ. ನಮ್ಮ ದೇಶದಲ್ಲಿ ಇವರಿಗೆಲ್ಲ ಗುರು ಎಂದರೆ ಎಸ್. ಆರ್. ರಂಗನಾಥನ್. ಅವರು 1892ರಲ್ಲಿ ತಮಿಳುನಾಡಿನ ಶೀರ್ಕಾಳಿಯಲ್ಲಿ ಹುಟ್ಟಿದರು. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಮೊದಮೊದಲು ಅವರಿಗೆ ಆ ಕೆಲಸ ಬೇಸರವಾಗಿ, ಮತ್ತೆ ಪಾಠ ಹೇಳಲು ಹೋಗುತ್ತೇನೆ ಎಂದರಂತೆ. ಆಮೇಲೆ ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. ಅಲ್ಲಿ ಒಂದು ಅಂಗಡಿಯಲ್ಲಿ 'ಮೆಕಾನೊ' ಎಂಬ ಆಟಿಕೆ ನೋಡಿದರು. ಅದರ ಬಿಡಿ ತುಂಡುಗಳನ್ನು ಜೋಡಿಸಿದರೆ ಒಮ್ಮೆ ಕಾರು, ಒಮ್ಮೆ ಸೇತುವೆ ಆಗುತ್ತದೆ. ಹಾಗೆಯೇ ಬಿಡಿ ಬಿಡಿ ಗುರುತು ಜೋಡಿಸಿ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಕೊಡಬಹುದಲ್ಲ ಎಂದು ಅವರಿಗೆ ಹೊಳೆಯಿತು. ಆ ಪದ್ಧತಿಯನ್ನು 1933ರಲ್ಲಿ ಪ್ರಕಟಿಸಿದರು.

1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದರು. ಅವುಗಳ ಅರ್ಥವನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಪುಸ್ತಕ ಇರುವುದು ಬೀಗ ಹಾಕಿ ಇಡಲು ಅಲ್ಲ, ಓದಲು. ಓದಲು ಬಂದ ಯಾರೂ ಪುಸ್ತಕ ಸಿಗದೆ ವಾಪಸ್ ಹೋಗಬಾರದು. ಯಾವ ಪುಸ್ತಕವೂ ಓದುವವರಿಲ್ಲದೆ ಧೂಳು ತಿನ್ನಬಾರದು. ಹುಡುಕುವುದರಲ್ಲೇ ಓದುಗರ ಹೊತ್ತು ಹೋಗಬಾರದು. ಗ್ರಂಥಾಲಯ ನಿಂತ ನೀರಾಗದೆ ಗಿಡದ ಹಾಗೆ ಬೆಳೆಯುತ್ತಿರಬೇಕು.

ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಒಂದು ಕೇಂದ್ರ ಆರಂಭಿಸಿ, ಕೊನೆಯವರೆಗೆ ಅಲ್ಲೇ ಇದ್ದರು. 1972ರಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನದ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಎಂದು ಆಚರಿಸುತ್ತಾರೆ.

ಗ್ರಂಥಪಾಲರೆಂದರೆ ಬರೀ ಪುಸ್ತಕ ಕೊಟ್ಟು ತಿರುಗಿ ತೆಗೆದುಕೊಳ್ಳುವವರು ಎಂದು ತಿಳಿಯಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಇದ್ದರು. 1905ರಲ್ಲಿ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿಗಳನ್ನು ಅವರು ಓದಿ ನೋಡಿದರೆ, ಅದು ಕೌಟಿಲ್ಯನ 'ಅರ್ಥಶಾಸ್ತ್ರ'! ಅದು ಕಳೆದೇ ಹೋಗಿದೆ ಎಂದು ಎಲ್ಲರೂ ತಿಳಿದಿದ್ದರು. ಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅವರಿಗೆ ಆ ಹಳೆಯ ಲಿಪಿ ಓದಲು ಬರದಿದ್ದರೆ ಅದು ಗಂಟಿನಲ್ಲೇ ಹುಳ ಹಿಡಿಯುತ್ತಿತ್ತು.

ಒಂದು ಪುಸ್ತಕಕ್ಕೆ ಎಷ್ಟು ಕೈ?

ಬರೆಯುವವರು ಒಬ್ಬರೇ ಎಂದು ನಾವು ತಿಳಿಯುತ್ತೇವೆ. ಎಣಿಸಿ ನೋಡಿ:

1. ಲೇಖಕರು ಅಥವಾ ಅನುವಾದಕರು.
2. ಸಂಪಾದಕರು – ಏನು ಬಿಡಬೇಕು, ಏನು ಸೇರಿಸಬೇಕು ಎಂದು ನೋಡುವವರು.
3. ಅಕ್ಷರ ಜೋಡಿಸುವವರು – ಹಿಂದೆ ಸೀಸದ ಮೊಳೆಗಳನ್ನು ಒಂದೊಂದೇ ಜೋಡಿಸುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ.
4. ಕರಡು ತಿದ್ದುವವರು – ಒತ್ತಕ್ಷರ, ದೀರ್ಘ ತಪ್ಪಿದ್ದರೆ ಹಿಡಿಯುವವರು. ಕನ್ನಡ ಶುದ್ಧವಾಗಿ ಬರುವವರಿಗೆ ಈ ಕೆಲಸ.
5. ಚಿತ್ರ ಬರೆಯುವವರು.
6. ಮುದ್ರಿಸುವವರು, ಮಡಚುವವರು, ಹೊಲಿದು ಬೈಂಡ್ ಮಾಡುವವರು.
7. ಮಾರುವ ಅಂಗಡಿಯವರು.
8. ಗ್ರಂಥಪಾಲಕರು.

ಇವರೆಲ್ಲರ ಮನೆಯಲ್ಲಿ ಒಲೆ ಉರಿಯುವುದರಲ್ಲಿ ಪುಸ್ತಕದ ಪಾಲೂ ಇದೆ. ಗ್ರಂಥಪಾಲರಾಗಲು ಪದವಿ ಮುಗಿಸಿ ಗ್ರಂಥಾಲಯ ವಿಜ್ಞಾನ ಓದಬೇಕು. ಅದಕ್ಕೆ ಬಿ.ಲಿಬ್., ಎಂ.ಲಿಬ್. ಎನ್ನುತ್ತಾರೆ. ಆದರೆ ಮೊದಲು ಹೈಸ್ಕೂಲಿಗೆ ಹೋಗಲೇಬೇಕು!

ಮಾಡಿ ನೋಡಿ: ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಅರ್ಧಕ್ಕೆ ಮಡಚಿ, ತಿರುಗಿಸಿ ಮತ್ತೆ ಅರ್ಧ, ತಿರುಗಿಸಿ ಇನ್ನೊಮ್ಮೆ ಅರ್ಧ. 8 ಎಲೆ, 16 ಪುಟ ಆಯಿತು. ಕತ್ತರಿಸದೆ, ಇಣುಕಿ ನೋಡುತ್ತ ಪೆನ್ಸಿಲಿನಿಂದ 1ರಿಂದ 16ರವರೆಗೆ ಪುಟಸಂಖ್ಯೆ ಹಾಕಿ. ಈಗ ಹಾಳೆ ಬಿಚ್ಚಿ. ಸಂಖ್ಯೆಗಳು ಹಿಂದುಮುಂದು, ಕೆಲವು ತಲೆಕೆಳಗು! ಆದರೆ ಕೊನೆಯ ಮಡಿಕೆಯ ಗೆರೆಯ ಆಚೆ ಈಚೆ ಇರುವ ಎರಡು ಪುಟ ಕೂಡಿಸಿ. 1 ಮತ್ತು 16, 4 ಮತ್ತು 13, 8 ಮತ್ತು 9. ಎಲ್ಲ ಜೋಡಿಗೂ 17 ಬರುತ್ತದೆ. ಮುದ್ರಿಸುವವರು ಈ ಲೆಕ್ಕದಲ್ಲೇ ಪುಟ ಜೋಡಿಸುತ್ತಾರೆ. ಹೀಗೆ 16 ಪುಟದ 10 ಕಟ್ಟು ಹೊಲಿದರೆ 160 ಪುಟದ ಪುಸ್ತಕ ಆಗುತ್ತದೆ. ಗಣಿತ ಎಲ್ಲಿಯೂ ಬಿಡುವುದಿಲ್ಲ ನೋಡಿ.

ನಮ್ಮದೇ ರೊಕ್ಕ, ನಮ್ಮದೇ ಪುಸ್ತಕ

1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಅದರ ಪ್ರಕಾರ ಮನೆ ಕರದ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. 500 ರೂಪಾಯಿ ಕರ ತುಂಬಿದರೆ 30 ರೂಪಾಯಿ ಗ್ರಂಥಾಲಯಕ್ಕೆ. ಈ ಲೆಕ್ಕ ಅಪ್ಪನಿಗೆ ತೋರಿಸಿದೆ. ಅಪ್ಪ ಕರದ ರಸೀದಿ ತೆಗೆದು ಬೆಳಕಿಗೆ ಹಿಡಿದು ನೋಡಿ, "ಹೌದಲ್ಲ! ರೊಕ್ಕ ಕೊಟ್ಟ ಮ್ಯಾಲ ಪುಸ್ತಕ ಯಾಕ ಬಿಡಬೇಕು? ನಾಳೆ ಹೋಗಿ ತಗೊಂಡು ಬಾ" ಎಂದರು. 2020ರಲ್ಲಿ ಸರಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ತಂದು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅವಕ್ಕೆ ಈಗ ಅರಿವು ಕೇಂದ್ರ ಎಂದೂ ಹೆಸರಿದೆ.

ಗೆಳತಿಯರೇ, ಹೈಸ್ಕೂಲಿಗೆ ಕಳಿಸುವುದು ಬಿಡುವುದು ಹಿರಿಯರ ಕೈಯಲ್ಲಿದೆ. ಆದರೆ 18 ವರ್ಷದವರೆಗೆ ಸದಸ್ಯರಾಗುವ ಹಕ್ಕು ನಮ್ಮ ಕೈಯಲ್ಲಿದೆ. ಶಾಲೆ ಬಿಟ್ಟವರೂ ಆಗಬಹುದು. ಈಗಲೇ ಹೆಸರು ಬರೆಸಿರಿ.

ಗುರುಗಳಲ್ಲಿ ಒಂದು ವಿನಂತಿ. ಶನಿವಾರ ಆಟದ ಮುಂಚೆ ಅರ್ಧ ತಾಸು ನಮ್ಮ ಶಾಲೆಯ ಪುಸ್ತಕದ ಅಲಮಾರಿ ತೆರೆದರೆ, ಯಾರು ಯಾವ ಪುಸ್ತಕ ಒಯ್ದರು ಎಂದು ನಾವೇ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ನಾವು ಹೋದ ಮೇಲೆ ಆರನೆಯವರು ಬರೆಯಲಿ. ಅವರಿಗೆ ಈಗಿನಿಂದಲೇ ಕಲಿಸುತ್ತೇವೆ.

ಉತ್ತರ ಹೇಳಿರಿ

1. ಪುಸ್ತಕದ ಗಂಟು ಹೊತ್ತು ಮಾರಿದ ನಮ್ಮ ಜಿಲ್ಲೆಯ ಲೇಖಕರು ಯಾರು?
2. ಆಗಸ್ಟ್ 12 ಯಾರ ಹುಟ್ಟಿದ ದಿನ?
3. 16 ಪುಟದ ಹಾಳೆಯಲ್ಲಿ 6ನೇ ಪುಟದ ಜೋಡಿ ಯಾವುದು?
4. 800 ರೂಪಾಯಿ ಮನೆ ಕರಕ್ಕೆ ಗ್ರಂಥಾಲಯ ಕರ ಎಷ್ಟು?

(ಉತ್ತರ: 1. ಗಳಗನಾಥರು 2. ಎಸ್. ಆರ್. ರಂಗನಾಥನ್ 3. 11 4. 48 ರೂಪಾಯಿ)

– 7ನೇ ತರಗತಿ ವಿದ್ಯಾರ್ಥಿನಿ