ಕುಂಚ ಹಿಡಿದ ಕೈ, ಕತ್ತಿ ಹಿಡಿದ ಕೈ

ಬಳಪ ಹಿಡಿದ ಮೊದಲ ದಿನ ನೆನಪಿದೆಯಾ? ಬೆರಳು ಬಿಗಿಯಾಗಿತ್ತು. ಗೆರೆ ಎಳೆಯಲು ಹೋದರೆ ಕೈ ನಡುಗಿತು. ದಿನವಿಡೀ ರಾಗಿ ಕೊಯ್ಯುವ ಕೈ ಅದು. ಒಂದು 'ರ' ಬರೆಯಲು ಹೆದರಿತು.

ನಮ್ಮ ಕಲಿಕಾ ಕೇಂದ್ರದಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. "ಮೇಷ್ಟ್ರೇ, ಓಡೋ ಎತ್ತು ಹಿಡಿದು ನಿಲ್ಲಿಸೋ ಕೈ ಇದು. ಒಂದು ಬಳಪಕ್ಕೆ ಯಾಕೆ ನಡುಗುತ್ತೆ?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಜಪಾನ್ ದೇಶದ ಒಬ್ಬರ ಕತೆ ಓದಿದೆ. ಅವರು ಅಕ್ಷರ ಬರೆದು ಹೆಸರಾದವರು. ಕವಿತೆ ಕಟ್ಟಿದವರು. ಕತ್ತಿ ಹಿಡಿದವರು. ಕೊನೆಗೆ ಧ್ಯಾನದ ಗುರುವಾದವರು. ಅವರ ಕೈಯೂ ನಡುಗಿತ್ತು. ಒಂದು ದಿನ ಅಲ್ಲ, ಹದಿನೇಳು ವರ್ಷ.

ಅವರ ಹೆಸರು ಯಮವೋಕ ತೆಶ್ಶು. ಶ ಅಕ್ಷರಕ್ಕೆ ಶ ಒತ್ತು ಇದೆ. ನಿಧಾನವಾಗಿ ಓದಿ, ತೆಶ್ಶು.

ತೆಶ್ಶು ಹುಟ್ಟಿದ್ದು 1836ರಲ್ಲಿ, ಎದೊ ಪಟ್ಟಣದಲ್ಲಿ. ಇವತ್ತು ಟೋಕಿಯೊ ಅನ್ನುತ್ತೇವಲ್ಲ, ಅದೇ ಊರು. ಮನೆತನ ಸಮುರಾಯ್‌ದು. ಸಮುರಾಯ್ ಅಂದರೆ ಸೊಂಟಕ್ಕೆ ಕತ್ತಿ ಕಟ್ಟುವ ಜನ, ದೊರೆಯ ಊಳಿಗದವರು. ತಂದೆಗೆ ತಕಯಾಮ ಎಂಬ ಬೆಟ್ಟದ ಸೀಮೆಯಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು. ಹುಡುಗ ಅಲ್ಲೇ ಬೆಳೆದ.

ತಕಯಾಮದಲ್ಲಿ ಅವನಿಗೆ ಅಕ್ಷರ ಬರೆಸಿದ ಗುರು ಇವಾಸ ಇತ್ತೆಯಿ. ಜಪಾನಿನಲ್ಲಿ ಆಗ ಬಳಪ ಇಲ್ಲ, ಪೆನ್ನು ಇಲ್ಲ. ಕೂದಲಿನ ಕುಂಚವನ್ನು ಕಪ್ಪು ಮಸಿಯಲ್ಲಿ ಅದ್ದಿ ಬರೆಯಬೇಕು. ಬರೆದದ್ದನ್ನು ಅಳಿಸಲು ಬರುವುದಿಲ್ಲ. ಕೈ ತಡೆದರೆ ಅಲ್ಲೇ ಮಸಿ ಹರಡಿ ಕಲೆ ಆಗುತ್ತದೆ. ಅನುಮಾನಪಟ್ಟು ಎಳೆದ ಗೆರೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿ ಅಕ್ಷರ ಬರೆಯುವುದು ಒಂದು ದೊಡ್ಡ ವಿದ್ಯೆ. ನಮ್ಮಲ್ಲಿ 49 ಅಕ್ಷರ ಕಲಿತರೆ ಆಯಿತು, ಮಿಕ್ಕಿದ್ದು ಕಾಗುಣಿತ, ಒತ್ತು. ಅಲ್ಲಿ ಹಾಗಲ್ಲ. ಮಕ್ಕಳು ತಿದ್ದುವ ಒಂದು ಹಳೆಯ ಪಾಠದಲ್ಲೇ ಸಾವಿರ ಬೇರೆ ಬೇರೆ ಅಕ್ಷರ ಇವೆ. ಒಂದೂ ಎರಡು ಸಲ ಬರುವುದಿಲ್ಲ! ಇನ್ನು ಮೇಲೆ ಒತ್ತಕ್ಷರ ಕಷ್ಟ ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ನೆನಪು ಮಾಡುತ್ತೇನೆ.

ಹುಡುಗ ಎಷ್ಟು ಚೆನ್ನಾಗಿ ಬರೆದ ಅಂದರೆ, ಹದಿನೈದರ ಹೊತ್ತಿಗೆ ಗುರುಗಳು ಅವನನ್ನು ತಮ್ಮ ಪರಂಪರೆಯ 52ನೆಯ ವಾರಸುದಾರ ಅಂತ ಸಾರಿದರು.

ಅಷ್ಟರಲ್ಲಿ ಮನೆ ಮುರಿದು ಬಿತ್ತು. ತಾಯಿ ತೀರಿಕೊಂಡರು. ಮರುವರ್ಷ, ಅಂದರೆ 1852ರಲ್ಲಿ, ತಂದೆಯೂ ಹೋದರು. ಹಿಂದೆ ಐವರು ತಮ್ಮಂದಿರು. ಕೊನೆಯದು ಇನ್ನೂ ಎತ್ತಿಕೊಳ್ಳುವ ಕೂಸು. ಹದಿನಾರು ವರ್ಷದ ಅಣ್ಣ ಅವರನ್ನೆಲ್ಲ ಕಟ್ಟಿಕೊಂಡು ಎದೊ ಪಟ್ಟಣಕ್ಕೆ ಬಂದ. ತಂದೆ ಬಿಟ್ಟುಹೋದ ಹಣವನ್ನು ತಮ್ಮಂದಿರು ದಡ ಸೇರಲಿ ಅಂತ ಖರ್ಚು ಮಾಡಿದ. ಒಳ್ಳೆಯ ಮನೆಗಳಿಗೆ ಅವರನ್ನು ದತ್ತು ಕೊಟ್ಟ. ತನಗೆ ಏನೂ ಉಳಿಯಲಿಲ್ಲ.

ಎದೊದಲ್ಲಿ ಅವನು ಕತ್ತಿವರಸೆ ಕಲಿಯಲು ಸೇರಿಕೊಂಡ. ಬಿದಿರಿನ ಕತ್ತಿ, ಎದೆಗೆ ಬಿದಿರಿನ ಕವಚ. ಆರಡಿ ಮೀರಿದ ಆಳು, ಗಟ್ಟಿ ಮೈ. ಊರವರು ಎರಡು ಅಡ್ಡಹೆಸರು ಇಟ್ಟರು. ಆಟದ ಮನೆಯಲ್ಲಿ 'ರಾಕ್ಷಸ ತೆಶ್ಶು'. ಬೀದಿಯಲ್ಲಿ 'ಚಿಂದಿ ತೆಶ್ಶು'. ಯಾಕೆಂದರೆ ಮೈಮೇಲೆ ಹರಕು ಬಟ್ಟೆ. ಈಟಿ ವಿದ್ಯೆ ಕಲಿಸಿದ ಯಮವೋಕ ಎಂಬ ಗುರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ತೆಶ್ಶು ಅವರ ತಂಗಿ ಫುಸಕೊ ಅವರನ್ನು ಮದುವೆಯಾಗಿ ಆ ಮನೆತನದ ಹೆಸರನ್ನೇ ಇಟ್ಟುಕೊಂಡರು. ಮದುವೆ ಆದ ಮೇಲೂ ಬಡತನ ಬಿಡಲಿಲ್ಲ. ನೆಲದ ಚಾಪೆಯನ್ನೂ ಮಾರಿ ತಿಂದರು ಅಂತ ಹೇಳುತ್ತಾರೆ.

ಒಂದು ಮಾತು ಮುಚ್ಚಿಡುವುದಿಲ್ಲ. ತೆಶ್ಶು ಅವರಿಗೆ ಕುಡಿತ ಬಹಳ ಇತ್ತು. ಅವರ ಕತೆ ಬರೆಯುವವರು ಇದನ್ನು ನಗುತ್ತಾ ಬರೆಯುತ್ತಾರೆ. ಆ ಮನೆಯಲ್ಲಿ ಅಡುಗೆ ಹೂಡಬೇಕಾಗಿದ್ದ ಫುಸಕೊ ನಕ್ಕಿರಲಿಕ್ಕಿಲ್ಲ.

1863ರಲ್ಲಿ ತೆಶ್ಶು ಅವರಿಗೆ 27 ವರ್ಷ. ಎದೊದಲ್ಲಿ ತಮ್ಮನ್ನು ಮೀರಿಸುವವರು ಇಲ್ಲ ಅಂದುಕೊಂಡಿದ್ದರು. ಆಗ ಅಸಾರಿ ಎಂಬ ಕತ್ತಿಯ ಗುರು ಎದುರಾದರು. ಇಬ್ಬರೂ ಬಹಳ ಹೊತ್ತು ಆಡಿದರು. ಕೊನೆಗೆ ತೆಶ್ಶು ಕಾಲು ಕೊಟ್ಟು ಅಸಾರಿಯವರನ್ನು ಕೆಡವಿದರು. ಗೆದ್ದೆ ಅಂದರು. ಅಸಾರಿ ಒಪ್ಪಲಿಲ್ಲ. ಬೀಳುವಾಗ ನಾನು ನಿನ್ನ ಎದೆಗೆ ಹೊಡೆದಿದ್ದೇನೆ, ನೋಡಿಕೋ ಅಂದರು. ಬಿಚ್ಚಿ ನೋಡಿದರೆ ಎದೆಕವಚದ ಬಿದಿರು ಮುರಿದಿತ್ತು! ಹುಳ ತಿಂದ ಹಳೆಯ ಬಿದಿರು ಅದು ಅಂತ ತೆಶ್ಶು ವಾದ ಮಾಡಿದರಂತೆ. ಮನೆಗೆ ಬಂದು ಹೆಂಡತಿಯ ಅಣ್ಣನಿಗೆ ಹೇಳಿದರು. ಅವರು ಅಂದರು, ಆತ ನಿಜವಾದ ಗುರು. ಮರುದಿನ ತೆಶ್ಶು ಹೋಗಿ ಅಸಾರಿಯವರ ಶಿಷ್ಯರಾದರು.

ಅಲ್ಲಿಂದ ಕಷ್ಟ ಶುರು. ಅಸಾರಿ ಹೊಡೆಯುತ್ತಲೇ ಇರಲಿಲ್ಲ. ಕತ್ತಿ ಮುಂದೆ ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಬರುತ್ತಿದ್ದರು, ಅಷ್ಟೇ. ಆರಡಿ ಆಳು ಹಿಂದೆ ಹಿಂದೆ ಸರಿಯುತ್ತಾ ಗೋಡೆಗೆ ಬಂದು ನಿಲ್ಲುತ್ತಿತ್ತು. ಕೆಲವು ಸಲ ಬಾಗಿಲಿನಿಂದ ಆಚೆಗೇ ಹೋಗುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಅಸಾರಿಯವರ ರೂಪ ಬೆಟ್ಟದ ಹಾಗೆ ಎದುರಿಗೆ ನಿಲ್ಲುತ್ತಿತ್ತು ಅಂತ ತೆಶ್ಶು ಅವರೇ ಬರೆದಿದ್ದಾರೆ. ಮೈಯಲ್ಲಿ ಬಲ ಕಡಿಮೆ ಇರಲಿಲ್ಲ. ವಿದ್ಯೆಯೂ ಇತ್ತು. ಹೆದರಿದ್ದು ಮನಸ್ಸು.

ಅದಕ್ಕೇ ಅವರು ಧ್ಯಾನದ ಕಡೆ ತಿರುಗಿದರು. ಜಪಾನಿನಲ್ಲಿ ಅದಕ್ಕೆ 'ಝೆನ್' ಅನ್ನುತ್ತಾರೆ. ಈ ಮಾತು ನಮಗೆ ಹೊರಗಿನದಲ್ಲ. ನಮ್ಮ 'ಧ್ಯಾನ' ಅನ್ನುವ ಮಾತೇ ಬೌದ್ಧ ಭಿಕ್ಷುಗಳ ಜೊತೆ ಚೀನಾಕ್ಕೆ ಹೋಗಿ 'ಚಾನ್' ಆಯಿತು. ಅಲ್ಲಿಂದ ಜಪಾನಿಗೆ ಹೋಗಿ 'ಝೆನ್' ಆಯಿತು. ಝೆನ್ ಕಲಿಯುವವರು ನೆಟ್ಟಗೆ ಕೂತು ಉಸಿರನ್ನು ಗಮನಿಸುತ್ತಾರೆ. ಗುರು ಒಂದು ಒಗಟು ಕೊಡುತ್ತಾರೆ. ಅದು ನಾವು ಸೋಬಾನೆ ರಾತ್ರಿ ಹಾಕುವ ಒಗಟಿನ ಹಾಗಲ್ಲ. ಬುದ್ಧಿ ಓಡಿಸಿ ಬಿಡಿಸಲು ಬರುವುದಿಲ್ಲ. ವರ್ಷಗಟ್ಟಲೆ ಹೊತ್ತು ತಿರುಗಬೇಕು. ತೆಶ್ಶು ಅವರು ಮಿಶಿಮ ಊರಿನ ಒಂದು ಮಠಕ್ಕೆ ಹೋಗಿ ಬರುತ್ತಿದ್ದರು. ಟೋಕಿಯೊದಿಂದ ಸುಮಾರು 120 ಕಿಲೋಮೀಟರು, ಮಧ್ಯೆ ಹಕೋನೆ ಬೆಟ್ಟ.

ಈ ನಡುವೆ ದೇಶದಲ್ಲಿ ದೊಡ್ಡ ಗಂಡಾಂತರ ಬಂತು. ಜಪಾನಿನಲ್ಲಿ ಚಕ್ರವರ್ತಿ ಇದ್ದರೂ 250 ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು ಶೋಗನ್ ಎಂಬ ದಂಡನಾಯಕರು. 1868ರಲ್ಲಿ ಚಕ್ರವರ್ತಿಯ ಕಡೆಯ ಸೈನ್ಯ ಎದೊ ಪಟ್ಟಣವನ್ನು ಮುರಿಯಲು ಹೊರಟಿತು. ಅಲ್ಲಿ ಸುಮಾರು ಹತ್ತು ಲಕ್ಷ ಜನ. ಮನೆಗಳೆಲ್ಲ ಮರ, ಕಾಗದ. ಒಂದು ಕಡೆ ಬೆಂಕಿ ಬಿದ್ದರೆ ಕೇರಿಗೆ ಕೇರಿಯೇ ಬೂದಿ. ಶೋಗನ್ ಯುದ್ಧ ಬೇಡ ಅಂತ ದೇವಾಲಯದಲ್ಲಿ ಕೂತಿದ್ದರು. ಆದರೆ ಆ ಮಾತನ್ನು ಎದುರಾಳಿಗೆ ಮುಟ್ಟಿಸುವವರು ಯಾರು?

ತೆಶ್ಶು ಹೋದರು. ಆಗ ಅವರ ಹತ್ತಿರ ಸರಿಯಾದ ಕತ್ತಿಯೂ ಇರಲಿಲ್ಲವಂತೆ. ಸ್ನೇಹಿತರಿಂದ ಸಾಲ ತಂದು ಕಟ್ಟಿಕೊಂಡರು. ಜೊತೆಗೆ ಒಬ್ಬನೇ ಒಬ್ಬ. ಶತ್ರು ಸೈನ್ಯದ ನಡುವೆ ಕದ್ದು ಹೋಗಲಿಲ್ಲ. ನಾನು ಶೋಗನ್ ಕಡೆಯವನು, ನಿಮ್ಮ ಸೇನಾಪತಿಯನ್ನು ನೋಡಲು ಹೋಗುತ್ತಿದ್ದೇನೆ ಅಂತ ಕೂಗಿ ಹೇಳುತ್ತಾ ನಡೆದರು. ಸೈನಿಕರು ಬಾಯಿ ಬಿಟ್ಟುಕೊಂಡು ನೋಡಿದರು. ಸುಮಾರು 180 ಕಿಲೋಮೀಟರು ದೂರದ ಸುಂಪು ಎಂಬ ಊರಿನಲ್ಲಿ ಸೇನಾಪತಿ ಸೈಗೊ ತಕಮೊರಿ ಸಿಕ್ಕಿದರು. ಕೋಟೆ ಒಪ್ಪಿಸಬೇಕು, ಹಡಗು ಒಪ್ಪಿಸಬೇಕು, ಆಯುಧ ಒಪ್ಪಿಸಬೇಕು ಅಂದರು ಸೈಗೊ. ತೆಶ್ಶು ಒಪ್ಪಿದರು. ನಿಮ್ಮ ದೊರೆಯನ್ನೂ ಸೆರೆಯಾಳಾಗಿ ಕಳಿಸಬೇಕು ಅಂದಾಗ ಮಾತ್ರ ಒಪ್ಪಲಿಲ್ಲ. ನಿಮ್ಮ ದೊರೆಗೆ ಹೀಗೆ ಆದರೆ ನೀವು ಸುಮ್ಮನೆ ಕಳಿಸಿಕೊಡುತ್ತೀರಾ ಅಂತ ತಿರುಗಿ ಕೇಳಿದರು. ಸೈಗೊ ಸ್ವಲ್ಪ ಹೊತ್ತು ಯೋಚನೆ ಮಾಡಿ ಆ ಷರತ್ತನ್ನು ಬಿಟ್ಟರು. ಆಮೇಲೆ ಸೈಗೊ ಎದೊಗೆ ಬಂದು ಶೋಗನ್ ಕಡೆಯ ಕತ್ಸು ಕೈಶು ಜೊತೆ ಮಾತು ಮುಗಿಸಿದರು. ಮೂರನೆಯ ತಿಂಗಳ 15ಕ್ಕೆ ನಡೆಯಬೇಕಿದ್ದ ದಾಳಿ ನಿಂತಿತು. ಕೋಟೆ ರಕ್ತವಿಲ್ಲದೆ ಕೈ ಬದಲಾಯಿತು.

ಪೂರ್ತಿ ರಕ್ತ ಚೆಲ್ಲಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಶೋಗನ್ ಕಡೆಯ ಕೆಲವರು ಸೋಲು ಒಪ್ಪದೆ ಉಯೆನೊ ಎಂಬಲ್ಲಿ ಕಾದಿದರು. ಬೇಡಿ ಅಂತ ತೆಶ್ಶು ಹೋಗಿ ಹೇಳಿದರೂ ಕೇಳಲಿಲ್ಲ. ಒಂದೇ ದಿನದಲ್ಲಿ ಸೋತರು. ಆದರೆ ಊರು ಉಳಿಯಿತು.

ಹೊಸ ಸರ್ಕಾರ ಬಂದ ಮೇಲೆ ತೆಶ್ಶು ಅವರನ್ನೇ ಎಳೆಯ ಚಕ್ರವರ್ತಿಯ ಹತ್ತಿರ ಕೆಲಸಕ್ಕೆ ಕರೆದರು. 1872ರಿಂದ ಹತ್ತು ವರ್ಷ ಅಲ್ಲಿದ್ದರು. ಆ ಕಾಲದ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಕಿಮುರಾಯ ಎಂಬ ಅಂಗಡಿಯವರು ಒಳಗೆ ಸಿಹಿ ಹೂರಣ ಇಟ್ಟು ಬನ್ನು ಮಾಡುತ್ತಿದ್ದರು. ನಮ್ಮ ಹೋಳಿಗೆಗೆ ಕಡಲೆಬೇಳೆ ಹೂರಣ ಇಡುವ ಹಾಗೆ ಅಲ್ಲಿ ಕೆಂಪು ಅಲಸಂದೆಯಂಥ ಕಾಳಿನದು. ತೆಶ್ಶು ಅವರಿಗೆ ಅದು ರುಚಿಸಿತು. ಅವರ ಮೂಲಕ ಆ ಬನ್ನು 1875ರ ಏಪ್ರಿಲ್ 4ರಂದು ಚಕ್ರವರ್ತಿಯ ತಟ್ಟೆಗೆ ಬಂತು. ಅಂಗಡಿಯ ಹೆಸರಿನ ಹಲಗೆಯನ್ನೂ ತೆಶ್ಶು ತಮ್ಮ ಕುಂಚದಲ್ಲೇ ಬರೆದುಕೊಟ್ಟರು.

ಅರಮನೆಯ ಕೆಲಸ, ಕೈತುಂಬ ಹೆಸರು. ಆದರೂ ರಾತ್ರಿ ಕಣ್ಣು ಮುಚ್ಚಿದರೆ ಅಸಾರಿ ಬೆಟ್ಟದ ಹಾಗೆ ಎದುರಿಗೆ.

ಕ್ಯೋಟೊ ಊರಿನ ಮಠದ ಗುರು ತೆಕಿಸುಯಿ ಅವರಿಗೆ ಒಂದು ಒಗಟು ಕೊಟ್ಟಿದ್ದರು. ಎರಡು ಕತ್ತಿ ಎದುರೆದುರು ನಿಂತಾಗ ತಪ್ಪಿಸಿಕೊಳ್ಳದೆ ಇರುವುದರ ಬಗ್ಗೆ ಅದು. ಮೂರು ವರ್ಷ ಅದೇ ಯೋಚನೆ. ಗಂಟು ಬಿಚ್ಚಲು ಸಹಾಯ ಮಾಡಿದ್ದು ಸನ್ಯಾಸಿಯಲ್ಲ, ಒಬ್ಬ ವ್ಯಾಪಾರಿ! ಆತ ತೆಶ್ಶು ಅವರ ಕೈಬರಹ ಕೇಳಲು ಬಂದಿದ್ದ. ಮಾತಿಗೆ ಮಾತು ಬಂದು ತನ್ನ ಕತೆ ಹೇಳಿಕೊಂಡ. ಬಡತನದಲ್ಲಿದ್ದಾಗ ಒಮ್ಮೆ ಸರಕು ಕೊಂಡಿದ್ದನಂತೆ. ಬೆಲೆ ಇಳಿಯುತ್ತೆ ಅಂತ ಸುದ್ದಿ ಬಂದಾಗ ಎದೆ ಒಡೆದುಹೋಯಿತು. ಹೆದರಿಕೆ ಮುಖದಲ್ಲಿ ಕಂಡದ್ದೇ ತಡ, ಕೊಳ್ಳುವವರು ಇನ್ನೂ ಕಡಿಮೆಗೆ ಕೇಳಿದರು. ಬೆಲೆ ಏರಿದಾಗ ಇನ್ನಷ್ಟು ಬರಲಿ ಅಂತ ಆಸೆಪಟ್ಟು ಹೊತ್ತು ಮೀರಿಸಿದ. ಆಮೇಲೆ ತಿಳಿದುಕೊಂಡನಂತೆ. ಮನಸ್ಸು ತಿಳಿಯಾಗಿದ್ದಾಗ ಲೆಕ್ಕ ಹಾಕಬೇಕು. ಹಾಕಿದ ಮೇಲೆ ಲಾಭ ನಷ್ಟ ಎರಡನ್ನೂ ಬಿಟ್ಟು ಕೆಲಸಕ್ಕೆ ಇಳಿಯಬೇಕು.

ಸಂತೆಯಲ್ಲಿ ಕುರಿ ಮಾರಿದವರಿಗೆ ಈ ಮಾತು ಬೇಗ ಅರ್ಥ ಆಗುತ್ತದೆ. ತೆಶ್ಶು ಅವರಿಗೂ ಆಯಿತು. ಗೆಲ್ಲಬೇಕು ಅನ್ನುವುದು ಒಂದು ಹೆದರಿಕೆ. ಸೋಲುತ್ತೇನೋ ಅನ್ನುವುದು ಅದರ ಜೋಡಿ. ಐದು ದಿನ ಹಗಲು ಕತ್ತಿ, ರಾತ್ರಿ ಧ್ಯಾನ ಮಾಡಿದರು. 1880ರ ಮಾರ್ಚ್ 30ರ ಬೆಳಗಿನ ಜಾವ ಕೂತಿದ್ದಾಗ ಆ ಬೆಟ್ಟ ಕಾಣಲಿಲ್ಲ. ಬೆಳಗಾದ ಮೇಲೆ ಅಸಾರಿಯವರ ಎದುರು ಕತ್ತಿ ಹಿಡಿದು ನಿಂತರು. ಅಸಾರಿ ಒಂದು ಸಲ ನೋಡಿದರು. ಕತ್ತಿ ಕೆಳಗಿಟ್ಟರು. ನಿನಗೆ ಸಿಕ್ಕಿತು ಅಂದರು. ತೆಕಿಸುಯಿ ಗುರುವೂ ಅದೇ ವರ್ಷ ಒಪ್ಪಿಗೆ ಕೊಟ್ಟರು.

ಆಮೇಲೆ ತೆಶ್ಶು ತಮ್ಮದೇ ಪಾಠಶಾಲೆ ತೆರೆದರು. ಅದರ ಹೆಸರಿಗೆ ವಸಂತದ ಗಾಳಿಯ ಮನೆ ಅಂತ ಅರ್ಥ. ಅವರ ಪಂಥದ ಹೆಸರು 'ಮುತೊ', ಅಂದರೆ 'ಕತ್ತಿ ಇಲ್ಲ'. ಕತ್ತಿ ಕಲಿಸುವ ಶಾಲೆಗೆ ಕತ್ತಿ ಇಲ್ಲ ಅಂತ ಹೆಸರು! ಅಷ್ಟು ಕತ್ತಿ ಹಿಡಿದವರು ಒಬ್ಬರನ್ನೂ ಕೊಲ್ಲಲಿಲ್ಲ ಅಂತ ಹೇಳುತ್ತಾರೆ. ಪಾಠ ಮಾತ್ರ ಕಠಿಣ. ಮುಂದುವರಿದ ಶಿಷ್ಯರು ಒಂದೇ ದಿನ 200 ಸಲ ಕಾದಾಡಬೇಕು. ಇನ್ನೂ ಮುಂದೆ ಹೋದವರು ಏಳು ದಿನದಲ್ಲಿ 1400 ಸಲ. ಓದುವಾಗ ನನಗೇ ಮೈ ನೋವು ಬಂತು.

ಕುಂಚ ಬಿಡಲೇ ಇಲ್ಲ. ಕವಿತೆ ಬರೆದರು. ಫ್ಯೂಜಿ ಬೆಟ್ಟದ ಮೇಲೆ ಬರೆದ ಸಣ್ಣ ಕವಿತೆ ಜಪಾನಿನಲ್ಲಿ ಇಂದಿಗೂ ಹೆಸರುವಾಸಿ. ಕೈಬರಹಕ್ಕೆ ಬಂದ ಹಣ ಗುಡಿ ಕಟ್ಟಲು, ಬಡವರಿಗೆ ಹೋಯಿತು. ಜೀವಮಾನದಲ್ಲಿ ಹತ್ತು ಲಕ್ಷ ಹಾಳೆ ಬರೆದರು ಅಂತಾರೆ. ಅಭಿಮಾನದಲ್ಲಿ ಸ್ವಲ್ಪ ಕೂಡಿಸಿರಬಹುದು. 1883ರಲ್ಲಿ ಟೋಕಿಯೊದ ಯನಕದಲ್ಲಿ ಝೆನ್‌ಶೊ-ಆನ್ ಎಂಬ ಗುಡಿ ಕಟ್ಟಿಸಿದರು. ಆ ಬದಲಾವಣೆಯ ಕಾಲದಲ್ಲಿ ಸತ್ತವರ ಶಾಂತಿಗಾಗಿ ಅದು.

ಅವರ ಶಿಷ್ಯರಲ್ಲಿ ಎಂಚೊ ಎಂಬ ಕತೆಗಾರ ಇದ್ದರು. ನಮ್ಮ ಹರಿಕತೆ ದಾಸರ ಹಾಗೆ ಕತೆ ಹೇಳಿ ಬದುಕುವವರು. ಇವರು ಕೂತೇ ಹೇಳಬೇಕು, ಹಾಡು ಇಲ್ಲ. ಊರಿಗೆಲ್ಲ ಹೆಸರಾದವರು. ತೆಶ್ಶು ಒಂದು ದಿನ ಅವರನ್ನು ಕರೆದು, ಮೊಮೊತಾರೊ ಕತೆ ಹೇಳು ಅಂದರು. ಮೊಮೊತಾರೊ ಅಂದರೆ ಪೀಚ್ ಹಣ್ಣಿನೊಳಗಿಂದ ಹುಟ್ಟಿದ ಹುಡುಗ. ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಅಜ್ಜಿಕತೆ. ಎಂಚೊ ಚೆನ್ನಾಗೇ ಹೇಳಿದರು. ತೆಶ್ಶು ತಲೆ ಅಲ್ಲಾಡಿಸಿದರು. ನನ್ನ ಅವ್ವ ಹೇಳುತ್ತಿದ್ದಾಗ ಆ ಹುಡುಗ ಎದುರಿಗೆ ಬರುತ್ತಿದ್ದ, ನೀನು ನಾಲಿಗೆಯಲ್ಲಿ ಹೇಳುತ್ತಿದ್ದೀಯ, ಅದಕ್ಕೇ ಅವನು ಬರಲಿಲ್ಲ ಅಂದರು. ಎಂಚೊ ಅವಮಾನ ಅಂದುಕೊಳ್ಳಲಿಲ್ಲ. ಧ್ಯಾನಕ್ಕೆ ಕೂತರು. ಬಹಳ ಕಾಲದ ಮೇಲೆ ಮತ್ತೆ ಅದೇ ಕತೆ ಹೇಳಿದರು. ಈ ಸಲ ತೆಶ್ಶು ಮೆಚ್ಚಿಕೊಂಡರು. ಎಂಚೊ ಅವರಿಗೆ 'ನಾಲಿಗೆ ಇಲ್ಲದವನು' ಅನ್ನುವ ಅರ್ಥದ ಹೆಸರು ಬಂತು.

ಕೊನೆಯ ವರ್ಷಗಳಲ್ಲಿ ತೆಶ್ಶು ಬುದ್ಧನ ಧರ್ಮಗ್ರಂಥಗಳನ್ನೆಲ್ಲ ಕೈಯಲ್ಲಿ ನಕಲು ಮಾಡಲು ಕೂತರು. ಸಾವಿರಾರು ಸಂಪುಟ. ಇಷ್ಟು ಬರೆಯುವುದು ಕಷ್ಟ ಅಲ್ಲವಾ ಅಂತ ಯಾರೋ ಕೇಳಿದರಂತೆ. ಏನು ಕಷ್ಟ, ನಾನು ಬರೆಯುವುದು ಒಂದು ಸಲಕ್ಕೆ ಒಂದೇ ಹಾಳೆ ಅಂದರಂತೆ.

ಹೊಟ್ಟೆಯಲ್ಲಿ ಕ್ಯಾನ್ಸರ್ ಆಗಿತ್ತು. ಹೊಟ್ಟೆನೋವು ಮತ್ತು ಬೆಳಗಿನ ಕಾಗೆಯ ಕೂಗು ಎರಡನ್ನೂ ಸೇರಿಸಿ ಕೊನೆಯದೊಂದು ಪುಟ್ಟ ಕವಿತೆ ಬರೆದರು. 1888ರ ಜುಲೈ 19ರಂದು, ಬಿಳಿ ಬಟ್ಟೆ ಉಟ್ಟು, ಧ್ಯಾನಕ್ಕೆ ಕೂತಲ್ಲೇ ಪ್ರಾಣ ಬಿಟ್ಟರು. 52 ವರ್ಷ. ಧರ್ಮಗ್ರಂಥದ ನಕಲು ಮುಗಿದಿರಲಿಲ್ಲ.

ಎಂಚೊ 1900ರಲ್ಲಿ ತೀರಿಕೊಂಡರು. ಝೆನ್‌ಶೊ-ಆನ್ ಗುಡಿಯಲ್ಲಿ ಗುರುವಿನ ಸಮಾಧಿಯೂ ಇದೆ, ಕತೆಗಾರನ ಸಮಾಧಿಯೂ ಇದೆ. ದೆವ್ವದ ಕತೆ ಹೇಳಲು ಎಂಚೊ ಕೂಡಿಸಿಟ್ಟಿದ್ದ ಹಳೆಯ ದೆವ್ವದ ಚಿತ್ರಗಳನ್ನು ಪ್ರತಿ ಆಗಸ್ಟ್ ತಿಂಗಳು ಅಲ್ಲಿ ಜನರಿಗೆ ತೋರಿಸುತ್ತಾರೆ.

ಈಗ ಪುಸ್ತಕ ಮುಚ್ಚಿ. ನಿಮ್ಮ ಅವ್ವ, ಅಜ್ಜಿ ಹೇಳಿದ ಒಂದು ಕತೆ ನೆನಪು ಮಾಡಿಕೊಳ್ಳಿ. ನಾಳೆ ಕೇಂದ್ರಕ್ಕೆ ಬರುವಾಗ ಅದರ ನಾಲ್ಕು ಸಾಲು ಬರೆದುಕೊಂಡು ಬನ್ನಿ. ಗೆರೆ ಸೊಟ್ಟ ಆದರೆ ಆಗಲಿ, ಅಳಿಸಬೇಡಿ.