ರಸ್ತೆ ಅಗಲವಾದರೆ ಮನೆಯ ಬೆಲೆ ಏರುತ್ತದೆಯೇ?

ಪ್ರಶ್ನೆ: ಪರ್ಕಳದಲ್ಲಿ ಹೆದ್ದಾರಿಗೆ ತಾಗಿಕೊಂಡೇ ಹತ್ತು ಸೆಂಟ್ಸ್ ಜಾಗ, ಹಳೆಯ ಹೆಂಚಿನ ಮನೆ ಇದೆ. ಚತುಷ್ಪಥದಿಂದ ಬೆಲೆ ಇನ್ನೂ ಏರುತ್ತದೆ, ಕಾಯಿರಿ ಎನ್ನುತ್ತಾರೆ ನೆಂಟರು. ಮಾರಲೇ, ಕಾಯಲೇ?

ಉತ್ತರ: ಮಲ್ಪೆ–ತೀರ್ಥಹಳ್ಳಿ ರಾಷ್ಟ್ರೀಯ ಹೆದ್ದಾರಿ 169ಎ ಅಗಲವಾಗುತ್ತದೆ ಎಂಬ ಸುದ್ದಿ ಹಬ್ಬಿದಾಗಲೇ ಏರಿಕೆಯ ಒಂದು ಪಾಲು ಬೆಲೆಯಲ್ಲಿ ಸೇರಿಹೋಗಿರುತ್ತದೆ. ಕಾಮಗಾರಿ ಮುಗಿಯುವುದನ್ನೇ ನೆಚ್ಚಿ ಕೂರಬೇಡಿ. ಇದೇ ಹೆದ್ದಾರಿಯ ಇಂದ್ರಾಳಿ ರೈಲ್ವೆ ಮೇಲ್ಸೇತುವೆ ವರ್ಷಗಟ್ಟಲೆ ಕುಂಟಿದ್ದನ್ನು ನೀವೇ ಕಂಡಿದ್ದೀರಿ.

ಏರುವುದು ಜಾಗದ ಬೆಲೆ, ಹಳೆಯ ಮನೆಯದ್ದಲ್ಲ. ರಸ್ತೆ ಬದಿಯ ಜಾಗ ಅಂಗಡಿ, ಕ್ಲಿನಿಕ್‌ಗೆ ಹೇಳಿಸಿದ್ದು. ವಾಸಕ್ಕೆ ಗದ್ದಲ, ಧೂಳು. ರಸ್ತೆ ಎತ್ತರಿಸಿದರೆ ಆಟಿ ತಿಂಗಳ ಮಳೆನೀರು ನೇರ ನಿಮ್ಮ ಅಂಗಳಕ್ಕೆ ಇಳಿಯಬಹುದು. ವಾಸದ ಮನೆಗೆ ಲಾಭ ಹೆಚ್ಚು ಸಿಗುವುದು ಒಳರಸ್ತೆಯಲ್ಲಿ.

ಬಾಡಿಗೆಯ ಲೆಕ್ಕ ಬೇರೆ. ಮಣಿಪಾಲದ ವಿದ್ಯಾರ್ಥಿಗಳು ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಹುಡುಕುತ್ತಾರೆ; ಆಸ್ಪತ್ರೆ, ಕಚೇರಿಯ ನೌಕರರು ಸ್ವಲ್ಪ ದೂರವಾದರೂ ಒಪ್ಪುತ್ತಾರೆ. ಆದರೆ ರಸ್ತೆ ಚೆನ್ನಾದಂತೆ ಇನ್ನೂ ದೂರದ ಹಿರಿಯಡ್ಕದ ಜಾಗವೂ ಮಣಿಪಾಲಕ್ಕೆ ಹತ್ತಿರವಾಗುತ್ತದೆ. ಅಗ್ಗದ ಜಾಗ ಪೈಪೋಟಿಗೆ ಬಂದರೆ ನಿಮ್ಮ ಜಾಗದ ಬೆಲೆ ಏರುವ ವೇಗ ತಗ್ಗುತ್ತದೆ.

ಮೊದಲು ಸರ್ವೆ ಮಾಡಿಸಿ, ಭೂಸ್ವಾಧೀನದ ಗಡಿ ಮತ್ತು ಕಟ್ಟಡ ರೇಖೆ (ರಸ್ತೆಯಿಂದ ಕಟ್ಟಡಕ್ಕೆ ಬಿಡಬೇಕಾದ ಅಂತರ) ಬಿಟ್ಟು ಎಷ್ಟು ಸೆಂಟ್ಸ್ ಉಳಿಯುತ್ತದೆ ನೋಡಿ. ಪರಿಹಾರ ಬಾಕಿಯಿದ್ದರೆ ಕರಾರಿಗೆ ಮೊದಲೇ ಇತ್ಯರ್ಥಪಡಿಸಿಕೊಳ್ಳಿ. ಹತ್ತಿರದಲ್ಲಿ ನೋಂದಣಿಯಾದ ಎರಡು ಮೂರು ಮಾರಾಟಗಳ ದರ ವಿಚಾರಿಸಿ. ಬ್ರೋಕರ್ ಬಾಯಿಮಾತು ಸಾಲದು. ಹಣದ ತುರ್ತಿದ್ದರೆ ಮಾರಿ. ಇಲ್ಲದಿದ್ದರೆ ಮುಂಭಾಗವನ್ನು ಅಂಗಡಿಗೆ ಬಾಡಿಗೆ ಕೊಡಿ. ಬೆಲೆ ಏರಲೆಂದು ಸುಮ್ಮನೆ ಬೀಗ ಹಾಕಿಡುವುದು ಮಾತ್ರ ಬೇಡ.